ವಾರಕ್ಕೆ ಆರು ಗಂಟೆ ಕೆಲಸ, ನಾಲ್ಕು ತಿಂಗಳ ಕಾಗದ

ನಮ್ಮದು ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡುವ ಸಣ್ಣ ಘಟಕ. ಲೇತ್ ಮೇಲೆ ಕೂರುವವರು ಆರು ಜನ, ಪ್ಯಾಕಿಂಗಿಗೆ ಇಬ್ಬರು, ಲೆಕ್ಕಪತ್ರಕ್ಕೆ ನಾನು. ಜರ್ಮನಿಯ ಕೆಲವು ಆಟಿಕೆ ಅಂಗಡಿಗಳು ಮೂರು ವರ್ಷದಿಂದ ನಮ್ಮಿಂದ ಮಾಲು ತರಿಸುತ್ತಿವೆ. ಆದರೆ ಅವರ ಮೇಲ್‌ಗಳೆಲ್ಲ ಜರ್ಮನ್‌ನಲ್ಲಿ. ಮಗು ಬಾಯಿಗೆ ಇಟ್ಟುಕೊಂಡರೆ ಅರಗಿನ ಬಣ್ಣ ಬಿಡುತ್ತಾ ಎಂದು ಕೇಳಿದ ಒಂದು ಮೇಲ್‌ಗೆ ನಾನು ಯಂತ್ರಾನುವಾದ ನಂಬಿ ಉತ್ತರ ಬರೆದು, ಒಬ್ಬ ಗಿರಾಕಿಯನ್ನೇ ಕಳೆದುಕೊಂಡೆ. ಭಾಷೆ ಬಲ್ಲವರೊಬ್ಬರು ಬೇಕು ಅಂತ ಆಗ ಖಾತ್ರಿಯಾಯಿತು.

ನಮ್ಮ ಯಜಮಾನರ ಸ್ನೇಹಿತರ ಮಗಳು, ಮದ್ದೂರಿನವಳು, ಜರ್ಮನಿಯ ಆಖೆನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಜರ್ಮನ್ ಚೆನ್ನಾಗಿ ಬರುತ್ತದೆ. ಕಳೆದ ವರ್ಷ ಜೂನ್‌ನಲ್ಲಿ ಫೋನ್ ಮಾಡಿ, "ವಾರಕ್ಕೆ ಆರು ಗಂಟೆ ಮೇಲ್ ನೋಡ್ಕೊಳ್ತೀಯೇನವ್ವ?" ಅಂತ ಕೇಳಿದೆ. "ಖುಷಿಯಿಂದ ಮಾಡ್ತೀನಿ ಆಂಟಿ" ಅಂದಳು. ಐದು ನಿಮಿಷದ ಮಾತು. ಅವಳು ಕೆಲಸ ಶುರು ಮಾಡಿದ್ದು ಅಕ್ಟೋಬರ್ 1, 2025ಕ್ಕೆ. ನಡುವಿನ ನಾಲ್ಕು ತಿಂಗಳಲ್ಲಿ ಏನೇನಾಯಿತು ಅನ್ನೋದನ್ನು, ನನ್ನ ಹಾಗೆ ಗೊತ್ತಿಲ್ಲದೆ ಕಾಲಿಡುವವರಿಗಾಗಿ ಬರೆಯುತ್ತಿದ್ದೇನೆ.

ನನ್ನ ಮೊದಲ ಐಡಿಯಾ ತುಂಬ ಸರಳವಾಗಿತ್ತು. ಅವಳ ಅಪ್ಪನ ಊರಿನ ಖಾತೆಗೆ ತಿಂಗಳಿಗಿಷ್ಟು ಅಂತ ರೂಪಾಯಿಯಲ್ಲೇ ಹಾಕಿಬಿಡೋದು. ಬಹಳ ಜನ ಹೀಗೇ ಮಾಡುತ್ತಾರೆ ಅಂತ ಪರಿಚಯದವರೂ ಹೇಳಿದರು. ಆ ಹುಡುಗಿಯೇ ಬೇಡ ಅಂದಳು. "ಆಂಟಿ, ನನ್ನ ವೀಸಾ ಹೋದ್ರೆ ಡಿಗ್ರಿನೂ ಹೋಗುತ್ತೆ." ಆಮೇಲೆ ಗೊತ್ತಾಯಿತು, ಜರ್ಮನಿಯಲ್ಲಿ ಸಂಬಳವನ್ನು ಯೂರೋದಲ್ಲೇ ಲೆಕ್ಕ ಹಾಕಿ ಯೂರೋದಲ್ಲೇ ಕೊಡಬೇಕು ಅಂತ ಕಾನೂನಿನಲ್ಲೇ ಬರೆದಿದೆ.

ಎರಡನೇ ಐಡಿಯಾ ಫ್ರೀಲಾನ್ಸ್. ತಿಂಗಳಿಗೊಂದು ಬಿಲ್ ಕಳಿಸಲಿ, ನಾವು ದುಡ್ಡು ಕಳಿಸೋಣ. ಅವಳು ಅಲ್ಲಿ ವಾಸಕ್ಕೆ ಕೊಟ್ಟ ತನ್ನ ಪರ್ಮಿಟ್ ಕಾರ್ಡಿನ ಜೊತೆ ಕೊಡುವ ಹಾಳೆಯ ಫೋಟೊ ಕಳಿಸಿದಳು. ಅದರಲ್ಲಿ ಎರಡು ಸಾಲು. ವರ್ಷಕ್ಕೆ ಇಷ್ಟು ದಿನ ನೌಕರಿ ಮಾಡಬಹುದು ಅಂತ ಒಂದು. ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲ ಅಂತ ಇನ್ನೊಂದು. ಫ್ರೀಲಾನ್ಸ್ ಅಂದರೆ ಅವರ ಲೆಕ್ಕದಲ್ಲಿ ಸ್ವಂತ ಉದ್ಯೋಗ. ಅದಕ್ಕೆ ವಿದೇಶಿಯರ ಕಚೇರಿಯಿಂದ ಬೇರೆ ಒಪ್ಪಿಗೆ ಬೇಕು. ಅದು ಸಿಕ್ಕರೂ, ಒಬ್ಬರಿಗೇ ಕೆಲಸ ಮಾಡಿ, ಅವರು ಹೇಳಿದ ಹೊತ್ತಿಗೆ ಮಾಡಿ, ಬಿಲ್ ಮಾತ್ರ ಫ್ರೀಲಾನ್ಸರ್ ಥರ ಕೊಟ್ಟರೆ ಅದನ್ನು ಅವರು 'ಸುಳ್ಳು ಸ್ವಉದ್ಯೋಗ' ಅಂತ ಹಿಡಿಯುತ್ತಾರೆ. ಪಿಂಚಣಿ, ಆರೋಗ್ಯದಂಥ ಸಾಮಾಜಿಕ ವಿಮೆಗೆ ಕಟ್ಟಬೇಕಿದ್ದ ಹಿಂದಿನ ವಂತಿಗೆಯೆಲ್ಲ ದಂಡ ಸಮೇತ ಮಾಲೀಕರ ತಲೆಗೇ ಬರುತ್ತದೆ.

ಇದನ್ನು ನೀವೂ ಮೊದಲೇ ಮಾಡಿ: ಯಾರನ್ನು ಸೇರಿಸಿಕೊಳ್ಳುತ್ತೀರೋ ಅವರ ಪರ್ಮಿಟ್‌ನಲ್ಲಿ ಏನು ಬರೆದಿದೆ ಅಂತ ನೋಡಿ, ಅದರ ಪ್ರತಿ ಇಟ್ಟುಕೊಳ್ಳಿ. ಪ್ರತಿ ಇಟ್ಟುಕೊಳ್ಳೋದು ಮಾಲೀಕರ ಕರ್ತವ್ಯ. ಯೂರೋಪಿನ ಹೊರಗಿನ ವಿದ್ಯಾರ್ಥಿಗಳು ಈಗ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು. ನಾಲ್ಕು ಗಂಟೆ ಒಳಗಿದ್ದರೆ ಸಾಮಾನ್ಯವಾಗಿ ಅರ್ಧ ದಿನ. ಹಾಗಾಗಿ ನಾವು ಮಂಗಳವಾರ, ಬುಧವಾರ, ಶುಕ್ರವಾರ ತಲಾ ಎರಡು ಗಂಟೆ ಅಂತ ಹಂಚಿದೆವು.

ಮೂರನೇ ದಾರಿ, ನಮ್ಮ ಪರವಾಗಿ ಅಲ್ಲಿ ತಾವೇ ಮಾಲೀಕರಾಗಿ ನೌಕರರನ್ನು ಇಟ್ಟುಕೊಳ್ಳುವ ಮಧ್ಯವರ್ತಿ ಕಂಪನಿಗಳು. ಎರಡು ಕಡೆ ವಿಚಾರಿಸಿದೆ. ಅವರ ತಿಂಗಳ ಫೀಸು ಈ ಹುಡುಗಿಯ ಸಂಬಳಕ್ಕಿಂತ ಜಾಸ್ತಿ! ಪೂರ್ತಿ ಸಮಯದ ಎಂಜಿನಿಯರ್ ಬೇಕಿದ್ದರೆ ಸರಿ, ನಮ್ಮಂಥವರಿಗಲ್ಲ.

ಕೊನೆಗೆ ಉಳಿದದ್ದು ನಾವೇ ನೇರವಾಗಿ ಮಾಲೀಕರಾಗೋದು. ಅಲ್ಲಿ ಇದಕ್ಕೆ 'ಮಿನಿಜಾಬ್' ಅಂತ ಒಂದು ವ್ಯವಸ್ಥೆ ಇದೆ. 2025ರಲ್ಲಿ ತಿಂಗಳ ಸಂಬಳ 556 ಯೂರೋ ದಾಟದಿದ್ದರೆ ಅದು ಮಿನಿಜಾಬ್. ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಕನಿಷ್ಠ ಕೂಲಿಯಲ್ಲಿ ವಾರಕ್ಕೆ ಹತ್ತು ಗಂಟೆ ದುಡಿದರೆ ಎಷ್ಟಾಗುತ್ತದೋ ಅದೇ ಮಿತಿ, ಕೂಲಿ ಏರಿದಂತೆ ಮಿತಿಯೂ ಏರುತ್ತದೆ. ನಮ್ಮದು ವಾರಕ್ಕೆ ಆರು ಗಂಟೆ, ಅಂದರೆ ತಿಂಗಳಿಗೆ ಸರಾಸರಿ 26 ಗಂಟೆ. 26ನ್ನು 12.82ರಿಂದ ಗುಣಿಸಿದರೆ 333 ಯೂರೋ 32 ಸೆಂಟ್. ಈ ಅಂಕಿ ನನಗೆ ನಿದ್ದೆಯಲ್ಲೂ ಬಾಯಿಪಾಠ.

ನಮ್ಮ ಆಡಿಟರ್‌ಗೆ ಹೇಳಿದಾಗ ಅವರು ಮೊದಲು ಕೇಳಿದ್ದು ಸಂಬಳದ ವಿಷಯ ಅಲ್ಲ. "ಆ ಹುಡುಗಿ ಅಲ್ಲಿ ನಿಮ್ಮ ಮಾಲು ಇಟ್ಕೊಳ್ತಾಳಾ ಮೇಡಂ?" ಅಂದರು. ಹೌದು, ವಾಪಸ್ ಬಂದ ಆಟಿಕೆಗಳನ್ನು ಅವಳ ರೂಮಿನಲ್ಲಿಟ್ಟು ಬೇರೆ ಅಂಗಡಿಗೆ ಕಳಿಸೋದು ಅಂತ ನಾನು ಲೆಕ್ಕ ಹಾಕಿದ್ದೆ. ಅದನ್ನು ಕೂಡಲೇ ಕೈಬಿಡಿ ಅಂದರು. ಭಾರತ–ಜರ್ಮನಿ ನಡುವೆ 1995ರಲ್ಲಿ ಸಹಿಯಾದ ತೆರಿಗೆ ಒಪ್ಪಂದದ ಪ್ರಕಾರ, ನಮ್ಮ ಪರವಾಗಿ ಒಬ್ಬರು ಅಲ್ಲಿ ಮಾಲು ಇಟ್ಟುಕೊಂಡು ನಿಯಮಿತವಾಗಿ ಕಳಿಸುತ್ತಿದ್ದರೆ, ಇಲ್ಲವೇ ನಮ್ಮ ಹೆಸರಲ್ಲಿ ಕರಾರಿಗೆ ಸಹಿ ಹಾಕುತ್ತಿದ್ದರೆ, ನಮಗೆ ಅಲ್ಲಿ ಕಾಯಂ ವ್ಯಾಪಾರದ ನೆಲೆ ಇದೆ ಅಂತ ಅರ್ಥ. ಆಮೇಲೆ ನಮ್ಮ ಲಾಭದ ಒಂದು ಪಾಲಿಗೆ ಅಲ್ಲೂ ತೆರಿಗೆ. ಹಾಗಾಗಿ ಅವಳ ಕೆಲಸದ ವಿವರದಲ್ಲಿ ಸ್ಪಷ್ಟವಾಗಿ ಬರೆದೆವು: ಬೆಲೆ ನಿಗದಿ ಮಾಡುವಂತಿಲ್ಲ, ಆರ್ಡರ್ ಒಪ್ಪಿಕೊಳ್ಳುವಂತಿಲ್ಲ, ಮಾಲು ಇಟ್ಟುಕೊಳ್ಳುವಂತಿಲ್ಲ. ಒಡೆದ ಆಟಿಕೆಗೆ ಈಗ ದುಡ್ಡು ವಾಪಸ್ ಕೊಟ್ಟು, ಆಟಿಕೆ ನೀವೇ ಇಟ್ಟುಕೊಳ್ಳಿ ಅನ್ನುತ್ತೇವೆ. ನಷ್ಟ ಇದೆ, ತಲೆನೋವಿಲ್ಲ.

ಅವಳ ಸಂಬಳದ ಆದಾಯ ತೆರಿಗೆ ಮಾತ್ರ ಸುಲಭವಾಗಿ ಬಗೆಹರಿಯಿತು. ಅಲ್ಲಿ ನಮಗೆ ಕಚೇರಿ ಇಲ್ಲವಾದ್ದರಿಂದ ನಾವು ಸಂಬಳದಲ್ಲಿ ತೆರಿಗೆ ಹಿಡಿಯಬೇಕಾಗಿಲ್ಲ, ಅವಳೇ ತನ್ನ ರಿಟರ್ನ್‌ನಲ್ಲಿ ತೋರಿಸಬೇಕು. 2025ಕ್ಕೆ 12,096 ಯೂರೋವರೆಗಿನ ಆದಾಯಕ್ಕೆ ತೆರಿಗೆ ಇಲ್ಲ, ಅವಳದು ಅದರ ಹತ್ತಿರಕ್ಕೂ ಬರಲ್ಲ. ಸಾಮಾಜಿಕ ವಿಮೆಯ ಕಥೆ ಬೇರೆ. ಮಾಲೀಕರು ಚನ್ನಪಟ್ಟಣದಲ್ಲಿರಲಿ ಚಿಕಾಗೋದಲ್ಲಿರಲಿ, ಕೆಲಸ ನಡೆಯುವುದು ಜರ್ಮನಿಯಲ್ಲಾದರೆ ವಂತಿಗೆ ಕಟ್ಟಲೇಬೇಕು. ಎರಡು ದೇಶಗಳ ನಡುವೆ 2017ರ ಮೇನಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದ ಇದೆಯಲ್ಲ, ಅದರಿಂದ ವಿನಾಯಿತಿ ಸಿಗುತ್ತಾ ಅಂತ ನಾನು ಆಸೆಪಟ್ಟೆ. ಅದರ ವಿನಾಯಿತಿ ಇಲ್ಲಿಂದ ಅಲ್ಲಿಗೆ ಕಳಿಸಿದ ನೌಕರರಿಗೆ. ಅಲ್ಲೇ ಸೇರಿಸಿಕೊಂಡವರಿಗಲ್ಲ.

ಇಷ್ಟು ಗೊತ್ತಾಗೋ ಹೊತ್ತಿಗೆ ಜುಲೈ ಅರ್ಧ ಮುಗಿದಿತ್ತು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಜರ್ಮನಿಯಲ್ಲಿ ಕಚೇರಿ ಇಲ್ಲದ ವಿದೇಶಿ ಮಾಲೀಕರು ಅಲ್ಲಿ ಒಬ್ಬ ಪ್ರತಿನಿಧಿಯನ್ನು ನೇಮಿಸಲೇಬೇಕು. ಸಂಬಳದ ದಾಖಲೆ ಜರ್ಮನ್ ಭಾಷೆಯಲ್ಲಿ, ಜರ್ಮನಿಯಲ್ಲೇ, ಅವರ ಹತ್ತಿರ ಇರಬೇಕು. ಸಂಬಳದ ಲೆಕ್ಕ ನೋಡುವ ಹನ್ನೊಂದು ಕಚೇರಿಗಳಿಗೆ ಮೇಲ್ ಬರೆದೆ. ಏಳು ಕಡೆಯಿಂದ ಉತ್ತರವೇ ಇಲ್ಲ. ಮೂವರು ವಿನಯದಿಂದ ಆಗಲ್ಲ ಅಂದರು. ಒಬ್ಬರೇ ಹೆಂಗಸು, ಸಣ್ಣ ಊರೊಂದರಲ್ಲಿ ಇಬ್ಬರೇ ಇರುವ ಕಚೇರಿಯವರು, "ಇದುವರೆಗೆ ಭಾರತದ ಮಾಲೀಕರಿಗೆ ಮಾಡಿಲ್ಲ, ಮಾಡಿ ನೋಡೋಣ" ಅಂತ ಇಂಗ್ಲಿಷಿನಲ್ಲಿ ಬರೆದರು. ಆ ಮೇಲ್ ಓದಿದಾಗ ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ. ಶುರುವಿಗೆ 150 ಯೂರೋ, ಆಮೇಲೆ ತಿಂಗಳಿಗೆ 35.

ಅವರೇ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯಿಂದ ನಮಗೊಂದು ಎಂಟಂಕಿಯ 'ಬೆಟ್ರೀಬ್ಸ್‌ನುಮ್ಮರ್' ತೆಗೆಸಿಕೊಟ್ಟರು. ಅದು ಮಾಲೀಕರ ನಂಬರ್. ಅದಿಲ್ಲದೆ ಯಾರನ್ನೂ ನೋಂದಾಯಿಸಲು ಆಗಲ್ಲ. ಆಮೇಲೆ ಮಿನಿಜಾಬ್ ಕೇಂದ್ರದಲ್ಲಿ ನೋಂದಣಿ. ಅದರ ಜೊತೆ ಕೆಲಸದ ಅಪಘಾತ ವಿಮೆಗೆ ಬೇರೆ ಸಂಸ್ಥೆ. ಅದರ ಹೆಸರು 'ಬೆರೂಫ್ಸ್‌ಗೆನೊಸೆನ್‌ಶಾಫ್ಟ್'. ನಮ್ಮ ಪ್ಯಾಕಿಂಗ್ ಅಮ್ಮ ಇದನ್ನು ಕೇಳಿ, "ಅದೇನ್ ಹೆಸರಾ, ಗಂಟಲಲ್ಲಿ ಮೀನ್ ಮುಳ್ಳಾ?" ಅಂದರು. ಕೆಲಸ ಶುರುವಾದ ಒಂದು ವಾರದೊಳಗೆ ಅಲ್ಲಿಗೂ ತಿಳಿಸಬೇಕು. ಲ್ಯಾಪ್‌ಟಾಪ್ ಮುಂದೆ ಕೂತು ಮೇಲ್ ಬರೆಯುವ ಹುಡುಗಿಗೆ ಅಪಘಾತ ವಿಮೆ ಯಾಕೆ ಅಂತ ಕೇಳಿದೆ. ಮಾಲೀಕರು ಅಂದಮೇಲೆ ಕಟ್ಟಬೇಕು ಅನ್ನೋದೇ ಉತ್ತರ.

ಆಗಸ್ಟ್‌ನಲ್ಲಿ ಅವಳಿಗೆ ಒಂದು ಪ್ರಶ್ನಾವಳಿ ಹೋಯಿತು. ಎರಡು ಪುಟ. ಆರೋಗ್ಯ ವಿಮೆ ಯಾವುದು, ಪಿಂಚಣಿ ನಂಬರ್ ಎಷ್ಟು, ಬೇರೆ ಕೆಲಸ ಇದೆಯಾ. ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಆಂಟಿ, ಬೇಕರಿದೂ ಹೇಳ್ಬೇಕಾ?"

"ಯಾವ ಬೇಕರಿ?"

ಶನಿವಾರ ಒಂದು ಬೇಕರಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳಂತೆ. ಗಂಟೆಗೆ 13 ಯೂರೋ, ತಿಂಗಳಿಗೆ 20 ಗಂಟೆ, 260 ಯೂರೋ. ಅದೂ ಮಿನಿಜಾಬೇ. ಎರಡು ಮಿನಿಜಾಬ್ ಇದ್ದರೆ ಸಂಬಳ ಕೂಡಿಸುತ್ತಾರೆ. ನಮ್ಮ 333 ಸೇರಿ 593 ಆಯಿತು. ಮಿತಿ 556. ದಾಟಿದರೆ ಎರಡೂ ಕೆಲಸ ಮಿನಿಜಾಬ್ ಅಲ್ಲದಂತಾಗಿ, ಇಬ್ಬರು ಮಾಲೀಕರಿಗೂ ಅವಳಿಗೂ ಬೇರೆಯದೇ ಲೆಕ್ಕ. ಮುಚ್ಚಿಡೋಣ ಅಂದರೆ ಆಗಲ್ಲ, ಇಬ್ಬರು ಮಾಲೀಕರೂ ಕಳಿಸುವ ವರದಿ ಒಂದೇ ಕೇಂದ್ರಕ್ಕೆ ಹೋಗುತ್ತದೆ. ಪಾಪ, ಅವಳಿಗೂ ಗೊತ್ತಿರಲಿಲ್ಲ. ಬೇಕರಿಯವರ ಹತ್ತಿರ ಮಾತಾಡಿ ಅಕ್ಟೋಬರ್‌ನಿಂದ 17 ಗಂಟೆ ಮಾಡಿಸಿಕೊಂಡಳು. ಎರಡೂ ಸೇರಿ 554 ಯೂರೋ ಚಿಲ್ಲರೆ. ಎರಡು ಯೂರೋ ಅಂತರದಲ್ಲಿ ಪಾರು. ಸೆಪ್ಟೆಂಬರ್‌ಗೆ ಶುರು ಅಂದುಕೊಂಡದ್ದು ಒಂದು ತಿಂಗಳು ಹಿಂದೆ ಹೋಯಿತು. ಬೇರೆ ಕೆಲಸ ಇದೆಯಾ ಅನ್ನೋದನ್ನು ನೀವು ಮೊದಲನೇ ಫೋನಿನಲ್ಲೇ ಕೇಳಿ.

ಇನ್ನು ಕರಾರು ಪತ್ರ. ಇಲ್ಲಿ ನಾನು ಜಾಣತನ ತೋರಿಸಲು ಹೋಗಿ ಸಿಕ್ಕಿಬೀಳುತ್ತಿದ್ದೆ. ನೆಟ್‌ನಲ್ಲಿ ಸಿಕ್ಕ ಒಂದು ಮಾದರಿ ತೆಗೆದುಕೊಂಡು, "ಅಗತ್ಯ ಬಿದ್ದಾಗ ಕೆಲಸ" ಅಂತ ಬರೆದಿದ್ದೆ. ಹಬ್ಬದ ಮುಂಚೆ ಜಾಸ್ತಿ, ಆಮೇಲೆ ಕಮ್ಮಿ ಅಲ್ವಾ ನಮ್ಮ ವ್ಯಾಪಾರ. ಆ ಕಚೇರಿಯ ಹೆಂಗಸು ಆ ಸಾಲಿಗೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದರು. ವಾರಕ್ಕೆ ಎಷ್ಟು ಗಂಟೆ ಅಂತ ಬರೆಯದೆ ಕರೆದಾಗ ಕೆಲಸ ಅಂದರೆ, ಕಾನೂನು ತಾನಾಗಿಯೇ ವಾರಕ್ಕೆ 20 ಗಂಟೆ ಅಂತ ಹಿಡಿಯುತ್ತದೆ. 20 ಗಂಟೆ ಕನಿಷ್ಠ ಕೂಲಿಯಲ್ಲಿ ತಿಂಗಳಿಗೆ 1,100 ಯೂರೋ ದಾಟುತ್ತದೆ. ಅವಳು ಆರೇ ಗಂಟೆ ಮಾಡಿದ್ದರೂ, ನಾವು ಕೊಡದ ಸಂಬಳದ ಮೇಲೆ ವಂತಿಗೆ ಕೇಳುತ್ತಾರೆ. ಒಂದು ಸಾಲಿಗೆ ಇಷ್ಟು ಬೆಲೆ! 'ವಾರಕ್ಕೆ 6 ಗಂಟೆ, ಮಂಗಳ, ಬುಧ, ಶುಕ್ರ' ಅಂತ ತಿದ್ದಿದೆವು.

ಒಂದು ವರ್ಷಕ್ಕೆ ಮಾತ್ರ ಕರಾರು ಇರಲಿ ಅಂತ ನನ್ನ ಆಸೆ. ಆಗಬಹುದು, ಆದರೆ ಅವಧಿ ಗೊತ್ತುಪಡಿಸಿದ ಕರಾರಿಗೆ ಇಬ್ಬರದೂ ಶಾಯಿಯ ಸಹಿ, ಇಲ್ಲವೇ ಅದಕ್ಕೆ ಸಮನಾದ ಪ್ರಮಾಣೀಕೃತ ಡಿಜಿಟಲ್ ಸಹಿ ಬೇಕು. ಅದೂ ಕೆಲಸ ಶುರುವಾಗುವ ಮೊದಲು. ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಅವಧಿಯ ಷರತ್ತು ಬಿದ್ದುಹೋಗಿ ಅದು ಕಾಯಂ ಕೆಲಸ ಆಗುತ್ತದೆ. ಬೇರೆ ಷರತ್ತುಗಳನ್ನು 2025ರಿಂದ ಮೇಲ್‌ನಲ್ಲೂ ತಿಳಿಸಬಹುದು, ಇದೊಂದನ್ನಲ್ಲ.

ಸೆಪ್ಟೆಂಬರ್ 19ಕ್ಕೆ ಎರಡು ಪ್ರತಿಗೆ ಸಹಿ ಹಾಕಿ ಕೊರಿಯರ್ ಮಾಡಿದೆ. 2,800 ರೂಪಾಯಿ. 24ಕ್ಕೆ ಜರ್ಮನಿ ತಲುಪಿತು ಅಂತ ತೋರಿಸಿತು. 25ಕ್ಕೆ 'ವಿಳಾಸದಲ್ಲಿ ವ್ಯಕ್ತಿ ಇಲ್ಲ'. 26ಕ್ಕೂ ಅದೇ. ಹುಡುಗಿ ಇಡೀ ದಿನ ಮನೆಯಲ್ಲೇ ಕೂತಿದ್ದಳು. ಆಮೇಲೆ ಗೊತ್ತಾದದ್ದು, ಮೂವರು ಸೇರಿ ಬಾಡಿಗೆಗಿರುವ ಆ ಮನೆಯ ಕರೆಗಂಟೆ ಮೇಲೆ ಇದ್ದದ್ದು ಹಳೆಯ ಬಾಡಿಗೆದಾರರೊಬ್ಬರ ಹೆಸರು ಮಾತ್ರ. ಅಲ್ಲಿ ಗಂಟೆ ಮೇಲೆ ಹೆಸರಿಲ್ಲದಿದ್ದರೆ ನೀವು ಆ ಮನೆಯಲ್ಲಿ ಇಲ್ಲ ಅಂತಲೇ ಲೆಕ್ಕ. ನಮ್ಮಲ್ಲಾದರೆ ಪಕ್ಕದ ಅಂಗಡಿಯವರನ್ನು ಕೇಳಿಯಾದರೂ ಕೊಟ್ಟು ಹೋಗುತ್ತಿದ್ದರು. ಅವಳು ಒಂದು ಚೀಟಿಯಲ್ಲಿ ಹೆಸರು ಬರೆದು ಸೆಲ್ಲೋಟೇಪ್ ಹಾಕಿ ಅಂಟಿಸಿದಳು. 29ರ ಸೋಮವಾರ ಲಕೋಟೆ ಕೈಸೇರಿತು. ಸಹಿ ಹಾಕಿದ ಫೋಟೊ ಬಂದಾಗ ನಾನು ಲೇತ್ ಪಕ್ಕದಲ್ಲಿ ನಿಂತಿದ್ದೆ, ಮರದ ಪುಡಿಯಲ್ಲೇ ಕೂತುಬಿಟ್ಟೆ.

ಅಕ್ಟೋಬರ್ 1 ಬುಧವಾರ ಅವಳ ಮೊದಲ ದಿನ. ನಮಗೆ ಆಯುಧಪೂಜೆ. ಲೇತ್‌ಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಕೆಲಸ ನಿಲ್ಲಿಸಿದ್ದೆವು. ಅವಳು ಅಲ್ಲಿ ಎರಡು ಗಂಟೆ ಕೂತು ಹಳೇ ಮೇಲ್‌ಗಳಿಗೆ ಉತ್ತರ ಬರೆದಳು. ಎರಡನೇ ಕೆಲಸದ ದಿನ 3ನೇ ತಾರೀಕು ಶುಕ್ರವಾರ. ಜರ್ಮನಿ ಒಂದಾದ ದಿನ, ರಾಷ್ಟ್ರೀಯ ರಜೆ. ಕೆಲಸದ ದಿನ ಸರ್ಕಾರಿ ರಜೆ ಬಿದ್ದರೆ ಸಂಬಳ ಕೊಡಬೇಕು. ಸೇರಿದ ಮೂರನೇ ದಿನಕ್ಕೇ ಸಂಬಳ ಸಮೇತ ರಜೆ! ನಮ್ಮ ಯಜಮಾನರು, "ಇಂಥ ಕೆಲಸ ನನಗೂ ಕೊಡಿಸು" ಅಂದರು. ಅಂದಹಾಗೆ ಆಖೆನ್ ಇರುವ ರಾಜ್ಯದಲ್ಲಿ ನವೆಂಬರ್ 1 ಕೂಡ ರಜೆ. ಅವರಿಗೆ ಸಂತರ ಹಬ್ಬ, ನಮಗೆ ರಾಜ್ಯೋತ್ಸವ.

ರಜೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಿನಿಜಾಬ್ ಅಂದರೆ ಹಕ್ಕು ಕಮ್ಮಿ ಅಂತ ಅಲ್ಲ. ವರ್ಷಕ್ಕೆ ಕನಿಷ್ಠ ನಾಲ್ಕು ವಾರ ರಜೆ. ವಾರಕ್ಕೆ ಮೂರು ದಿನ ಬರುವವರಿಗೆ 12 ದಿನ. ಸೇರಿ ನಾಲ್ಕು ವಾರ ಆದಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೂ ಸಂಬಳ. ಕೆಲಸದ ಗಂಟೆಗಳನ್ನು, ಶುರು ಯಾವಾಗ, ಮುಗಿದದ್ದು ಯಾವಾಗ ಅಂತ, ಏಳು ದಿನದೊಳಗೆ ಬರೆದಿಡಬೇಕು. ಎರಡು ವರ್ಷ ಕಾಪಾಡಬೇಕು. ನಾವು ಒಂದು ಶೀಟ್ ಮಾಡಿ, ಶುಕ್ರವಾರ ಸಂಜೆ ಅವಳು ತುಂಬುತ್ತಾಳೆ, ಸೋಮವಾರ ನಾನು ನೋಡುತ್ತೇನೆ.

ದುಡ್ಡು ಕಳಿಸುವ ಪ್ರಸಂಗ ಇನ್ನೊಂದು ಪುರಾಣ. ನಮ್ಮ ಬ್ಯಾಂಕಿನಲ್ಲಿ ವಿದೇಶಿ ಹಣದ ಕೌಂಟರಿನವರಿಗೆ ಆಮದಿನ ಬಿಲ್ ಗೊತ್ತು, ಸಂಬಳ ಗೊತ್ತಿಲ್ಲ. ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ, ಕರಾರಿನ ಪ್ರತಿ, ಅದರ ಇಂಗ್ಲಿಷ್ ಅನುವಾದ, ಅವಳ ಪಾಸ್‌ಪೋರ್ಟ್ ಎಲ್ಲ ಕೊಟ್ಟೆ. ಟಿಡಿಎಸ್ ಯಾಕೆ ಹಿಡಿದಿಲ್ಲ ಅಂತ ಕೇಳಿದರು. ಅವಳು ಆ ವರ್ಷ ಇಲ್ಲಿ ಇದ್ದದ್ದು ಮೂರೇ ವಾರ, ಅನಿವಾಸಿ. ಕೆಲಸ ಮಾಡಿದ್ದೂ ಹೊರಗೆ. ಆ ಸಂಬಳಕ್ಕೆ ಇಲ್ಲಿ ತೆರಿಗೆ ಬರಲ್ಲ. ಹಾಗಾಗಿ ಹೊರಗೆ ಕಳಿಸುವ ಹಣದ ಬಗ್ಗೆ ತೆರಿಗೆ ಇಲಾಖೆಗೆ ಕೊಡುವ 15ಸಿಎ ಫಾರಂನ 'ಡಿ' ಭಾಗ ಸಾಕು ಅಂದರು ಆಡಿಟರ್. ಬ್ಯಾಂಕಿನವರು ಅದರ ಜೊತೆ ಆಡಿಟರ್ ಸರ್ಟಿಫಿಕೇಟೂ ಬೇಕು ಅಂದರು. ಮೂರು ಸಲ ಓಡಾಡಿ, ಕೊನೆಗೆ ಆಡಿಟರ್ ಒಂದು ಪತ್ರ ಬರೆದುಕೊಟ್ಟು ಮುಗಿಸಿದರು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಫಾರಂ ತುಂಬುವ ಮುಂಚೆ ನಿಮ್ಮ ಆಡಿಟರ್‌ನ ಒಂದು ಮಾತು ಕೇಳಿ.

ಮೊದಲ ಸಂಬಳ 333.32 ಯೂರೋ ಕಳಿಸಿದೆ. ಅವಳಿಗೆ ಸೇರಿದ್ದು 315. ನಡುವೆ ಯಾವುದೋ ಬ್ಯಾಂಕ್ 18 ಯೂರೋ ನುಂಗಿತ್ತು. ಸುಮ್ನೆ ಬಿಡೋಣ ಅಂದರೆ, ನಾವು ಕೊಡುವುದು ಸರಿಯಾಗಿ ಕನಿಷ್ಠ ಕೂಲಿ. ಅದರಲ್ಲಿ ಒಂದು ಸೆಂಟ್ ಕಮ್ಮಿಯಾದರೂ ಕಾನೂನು ಮುರಿದ ಹಾಗೆ. ಬಾಕಿ 18 ಯೂರೋ ಕಳಿಸಲು ಮತ್ತೆ ಬ್ಯಾಂಕ್ ಶುಲ್ಕ. ಫಾರಂನಲ್ಲಿ ಖರ್ಚು ಯಾರದು ಅನ್ನುವ ಕಡೆ ಮೂರು ಆಯ್ಕೆ ಇರುತ್ತದೆ. ಎಸ್-ಎಚ್-ಎ ಅಂದರೆ ಹಂಚಿಕೊಳ್ಳೋದು, ನಾನು ಗುರುತು ಮಾಡಿದ್ದು ಅದನ್ನೇ. ಸಂಬಳಕ್ಕೆ ಓ-ಯು-ಆರ್ ಅಂತ ಹಾಕಿ. ಪೂರ್ತಿ ಖರ್ಚು ನಮ್ಮದಾಗುತ್ತದೆ, ಆದರೆ ಅವರಿಗೆ ಪೂರ್ತಿ ಮುಟ್ಟುತ್ತದೆ.

ವಂತಿಗೆ ಇನ್ನೂ ಮೋಜಿನದು. ಅದನ್ನು ಸಂಬಳ ಕೊಟ್ಟಮೇಲೆ ಅಲ್ಲ, ಕೆಲಸ ನಡೆಯುವ ತಿಂಗಳಲ್ಲೇ ಕಟ್ಟಬೇಕು, ತಿಂಗಳ ಕೊನೆಯಿಂದ ಮೂರನೇ ಬ್ಯಾಂಕ್ ದಿನದೊಳಗೆ. 2025ರಲ್ಲಿ ಪಿಂಚಣಿಗೆ 15%, ಆರೋಗ್ಯ ವಿಮೆಗೆ 13%, ಕಾಯಿಲೆ ರಜೆಯ ನಿಧಿಗೆ 1.1%, ಹೆರಿಗೆ ರಜೆಗೆ 0.22%, ಮಾಲೀಕರು ದಿವಾಳಿಯಾದರೆ ನೌಕರರಿಗೆ ಕೊಡುವ ನಿಧಿಗೆ 0.15%. ಎಲ್ಲ ಸೇರಿ 98 ಯೂರೋ ಚಿಲ್ಲರೆ. ಅಷ್ಟಾದರೂ ಮಿನಿಜಾಬ್‌ನಿಂದ ಅವಳಿಗೆ ಆರೋಗ್ಯ ವಿಮೆ ಸಿಗಲ್ಲ, ತನ್ನ ವಿದ್ಯಾರ್ಥಿ ವಿಮೆ ತಾನೇ ಕಟ್ಟಿಕೊಳ್ಳಬೇಕು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಅವಳ ಕಡೆಯಿಂದ ಪಿಂಚಣಿಗೆ 3.6% ಇದೆ. ಬೇಡ ಅಂತ ಬರೆದುಕೊಟ್ಟರೆ ಬಿಡುತ್ತಾರೆ, ಅವಳು ಬರೆದುಕೊಟ್ಟಿದ್ದಳು. ನಾನು ತಿಂಗಳ 18–20ಕ್ಕೇ ವಂತಿಗೆ ಕಳಿಸಿಬಿಡುತ್ತೇನೆ. ತಡವಾದರೆ ತಿಂಗಳಿಗೆ 1% ದಂಡ.

ಒಟ್ಟು ಖರ್ಚು ಕೇಳುತ್ತೀರಾ? ಸಂಬಳ, ವಂತಿಗೆ, ಕಚೇರಿಯ ಫೀಸು ಸೇರಿ ತಿಂಗಳಿಗೆ 467 ಯೂರೋ ಹತ್ತಿರ. ಯೂರೋ ನೂರು ರೂಪಾಯಿ ದಾಟಿತ್ತು, ಜೊತೆಗೆ ಎರಡು ಸಲ ಕಳಿಸುವ ಬ್ಯಾಂಕ್ ಶುಲ್ಕ. ಸುಮಾರು 50 ಸಾವಿರ ಅಂತಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಕ್ರಿಸ್ಮಸ್ ಆರ್ಡರ್‌ಗಳ ಜೊತೆ, ನಾನು ಕಳೆದುಕೊಂಡಿದ್ದ ಆ ಗಿರಾಕಿಯೂ ವಾಪಸ್ ಬಂದರು. ಅರಗು ಅಂದರೇನು, ಅದು ಎಲ್ಲಿಂದ ಬರುತ್ತದೆ, ಲೇತ್ ತಿರುಗುವಾಗ ಬಿಸಿಗೆ ಕರಗಿ ಮರಕ್ಕೆ ಹೇಗೆ ಹತ್ತುತ್ತದೆ ಅಂತ ಹುಡುಗಿ ಒಂದು ಪುಟ ಬರೆದಿದ್ದಳು.

ಇದೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ 2026ರ ಜನವರಿ ಬಂತು. ಕನಿಷ್ಠ ಕೂಲಿ 13.90 ಆಯಿತು, ಮಿನಿಜಾಬ್ ಮಿತಿ 603. ನಮ್ಮ 26 ಗಂಟೆಗೆ ಈಗ 361.40. ಬೇಕರಿಯದೂ ಏರಿತು, ಕೂಡಿಸಿ ನೋಡಿದೆ, 597.70. ಬಚಾವ್. 2027ಕ್ಕೆ 14.60 ಅಂತ ಈಗಲೇ ಗೊತ್ತುಮಾಡಿದ್ದಾರೆ.

ಕಳೆದ ವಾರ ಅವಳಿಗೆ ಜ್ವರ. ಎರಡು ಕೆಲಸದ ದಿನ ಬರಲಿಲ್ಲ. "ಡಾಕ್ಟರ್ ಚೀಟಿ ಫೋಟೊ ಕಳಿಸವ್ವ" ಅಂದೆ. "ಇಲ್ಲಿ ಹಂಗಿಲ್ಲ ಆಂಟಿ, ನೀವೇ ವಿಮೆಯವರ ಹತ್ರ ತರಿಸ್ಕೋಬೇಕು" ಅಂದಳು. ಕಚೇರಿಯ ಹೆಂಗಸಿಗೆ ಹೇಳಿದರೆ ಅವರು ಕಂಪ್ಯೂಟರಿನಲ್ಲೇ ತರಿಸಿಕೊಂಡರು. ಅಷ್ಟೇ ಅಲ್ಲ, ಆ ಎರಡು ದಿನದ ಸಂಬಳದ 80% ನಮಗೆ ವಾಪಸ್ ಬರುತ್ತದಂತೆ, ಆ ಕಾಯಿಲೆ ರಜೆಯ ನಿಧಿಗೆ ಕಟ್ಟಿದ್ದಕ್ಕೆ. ಅರ್ಜಿ ಹಾಕಿದ್ದಾರೆ. ಜರ್ಮನಿಯಿಂದ ನಮಗೆ ಬರಲಿರುವ ಮೊದಲ ಸರ್ಕಾರಿ ದುಡ್ಡು, ನಲವತ್ನಾಲ್ಕೂವರೆ ಯೂರೋ.

ಕರಾರು 2026ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಮುಂದುವರಿಸುವುದಾದರೆ ಆ ದಿನಕ್ಕೆ ಮೊದಲೇ ಮತ್ತೆ ಶಾಯಿಯ ಸಹಿ ಆಗಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 20ಕ್ಕೆ ಸುತ್ತು ಹಾಕಿ 'ಕೊರಿಯರ್, ಕರೆಗಂಟೆ' ಅಂತ ಬರೆದಿಟ್ಟಿದ್ದೇನೆ. ಅತ್ತೆ ಅದನ್ನು ಓದಿ, ನಮ್ಮ ಮನೆ ಗಂಟೆ ಕೆಟ್ಟಿದೆ ಅಂದುಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ್ದರು.